ಲಕ್ವ ಹೊಡೆದ ಮೇಲೆ ಫಿಸಿಯೋಥೆರಪಿನಾ, ಆಕ್ಯುಪೇಷನಲ್ ಥೆರಪಿನಾ?

"ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಈಗ ಮನೆಗೆ ಕರೆದುಕೊಂಡು ಬಂದಿದ್ದೇವೆ. ಡಿಸ್ಚಾರ್ಜ್ ಚೀಟಿಯಲ್ಲಿ ಪಿಟಿ, ಓಟಿ ಅಂತ ಬರೆದಿದ್ದಾರೆ. ಎರಡೂ ಬೇಕಾ? ಒಂದು ಸಾಲದಾ?" ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಓಟಿ ಅಂದರೆ ಆಪರೇಷನ್ ಥಿಯೇಟರ್ ಅಂದುಕೊಂಡು ಗಾಬರಿಯಾದವರೂ ಇದ್ದಾರೆ. ಅದಕ್ಕೆ ಮನೆಯವರು ಏನು ನೋಡಬೇಕು, ಯಾರನ್ನು ಹುಡುಕಬೇಕು, ದುಡ್ಡು ಎಲ್ಲಿ ಹಾಕಬೇಕು ಅನ್ನುವುದನ್ನು ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಚಿಕ್ಕ ಉತ್ತರ. ಫಿಸಿಯೋಥೆರಪಿ, ಅಂದರೆ ಪಿಟಿ, ದೇಹದ ಚಲನೆಯನ್ನು ನೋಡಿಕೊಳ್ಳುತ್ತದೆ: ಹಾಸಿಗೆಯಲ್ಲಿ ಮಗ್ಗುಲಾಗುವುದು, ಕೂರುವುದು, ನಿಲ್ಲುವುದು, ನಡೆಯುವುದು, ಸ್ನಾಯುಗಳ ಬಲ, ಬ್ಯಾಲೆನ್ಸ್, ಬಿಗಿದುಕೊಂಡ ಕೀಲು. ಆಕ್ಯುಪೇಷನಲ್ ಥೆರಪಿ, ಅಂದರೆ ಓಟಿ, ದಿನದ ಕೆಲಸಗಳನ್ನು ನೋಡಿಕೊಳ್ಳುತ್ತದೆ: ಉಣ್ಣುವುದು, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಟಾಯ್ಲೆಟ್‌ಗೆ ಹೋಗಿ ಬರುವುದು, ಸಹಿ ಹಾಕುವುದು, ಒಲೆ ಹಚ್ಚುವುದು, ಮತ್ತೆ ಕೆಲಸಕ್ಕೆ ಹೋಗುವುದು. ಕೈಬೆರಳುಗಳ ಸೂಕ್ಷ್ಮ ಕೆಲಸವೂ, ಗಮನ ಮತ್ತು ನೆನಪಿನ ತೊಂದರೆಯೂ ಹೆಚ್ಚಾಗಿ ಓಟಿ ಕಡೆಗೇ ಬರುತ್ತವೆ. ಲಕ್ವ ಆದ ಬಹಳ ಜನರಿಗೆ ಎರಡೂ ಬೇಕು. ಆದರೆ ಒಂದೇ ದಿನ, ಒಂದೇ ಪ್ರಮಾಣದಲ್ಲಿ ಬೇಕು ಅಂತೇನಿಲ್ಲ. ಯಾವುದು ಮೊದಲು, ಯಾವುದು ಜಾಸ್ತಿ ಅನ್ನುವುದನ್ನು ಈ ಹಂತಗಳಲ್ಲಿ ತೀರ್ಮಾನ ಮಾಡಬಹುದು.

1. ಆಸ್ಪತ್ರೆ ಬಿಡುವ ಮೊದಲು ಡಾಕ್ಟರನ್ನು ಕೇಳಿ

ಥೆರಪಿ ಶುರು ಮಾಡಲು ಯಾವಾಗ ಸುರಕ್ಷಿತ, ಬಿಪಿ ಎಷ್ಟಿದ್ದರೆ ವ್ಯಾಯಾಮ ನಿಲ್ಲಿಸಬೇಕು, ನುಂಗಲು ತೊಂದರೆ ಇದೆಯಾ, ಈ ಮೂರನ್ನು ಕೇಳಿ ಬರೆಸಿಕೊಳ್ಳಿ. ನೀರು ಕುಡಿದಾಗ ಕೆಮ್ಮು ಬರುತ್ತಿದ್ದರೆ, ಉಂಡ ಮೇಲೆ ದನಿ ಗೊರಗೊರ ಅನ್ನುತ್ತಿದ್ದರೆ ಅದನ್ನು ಮೊದಲು ಹೇಳಿ. ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅದನ್ನು ಪರೀಕ್ಷೆ ಮಾಡುವವರು ಸ್ಪೀಚ್ ಥೆರಪಿಸ್ಟ್. ಮಾತಿನ ತೊಂದರೆ ಇಲ್ಲದಿದ್ದರೂ ನುಂಗುವುದಕ್ಕೆ ಅವರೇ ಬೇಕು.

ಬೇಗ ಎಬ್ಬಿಸಿದಷ್ಟೂ ಒಳ್ಳೆಯದು ಅಂದುಕೊಂಡು ಮೊದಲ ದಿನವೇ ನಡೆಸಲು ಹೋಗಬೇಡಿ. ಅವರ್ಟ್ ಅನ್ನುವ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ 2015ರಲ್ಲಿ ಇದನ್ನೇ ನೋಡಿತ್ತು. 24 ಗಂಟೆಯ ಒಳಗೆ ಶುರು ಮಾಡಿ ಜಾಸ್ತಿ ಜಾಸ್ತಿ ಎಬ್ಬಿಸಿ ಓಡಾಡಿಸಿದವರಲ್ಲಿ ಚೆನ್ನಾಗಿ ಸುಧಾರಿಸಿಕೊಂಡವರು ಕಡಿಮೆ ಇದ್ದರು. ಮೊದಲ ದಿನದ ಲೆಕ್ಕ ಡಾಕ್ಟರಿಗೇ ಬಿಡಿ. ಹಾಗಂತ ಮನೆಗೆ ಬಂದ ಮೇಲೆ "ಸ್ವಲ್ಪ ಶಕ್ತಿ ಬರಲಿ, ಆಮೇಲೆ ನೋಡೋಣ" ಅಂತ ತಿಂಗಳುಗಟ್ಟಲೆ ಮಲಗಿಸಿಡುವುದು ಅದಕ್ಕಿಂತ ದೊಡ್ಡ ತಪ್ಪು. ಸುಧಾರಣೆ ಮೊದಲ ಮೂರು ತಿಂಗಳಲ್ಲಿ ವೇಗವಾಗಿರುತ್ತದೆ, ಆರು ತಿಂಗಳ ಹೊತ್ತಿಗೆ ನಿಧಾನವಾಗುತ್ತದೆ. ಈ ಅವಧಿಯಲ್ಲೇ ಬಹಳ ಮನೆಗಳಲ್ಲಿ ಎಣ್ಣೆ ತಿಕ್ಕಿಸುವುದು, ಪಾರಿವಾಳದ ರಕ್ತ ಹಚ್ಚುವುದು, ಊರೂರು ಸುತ್ತಿ ನಾಟಿ ಮದ್ದು ಹಾಕಿಸುವುದು ನಡೆಯುತ್ತದೆ. ಪಾರಿವಾಳದ ರಕ್ತದಿಂದ ಏನೂ ಆಗುವುದಿಲ್ಲ, ಪಾಪ ಪಾರಿವಾಳ ಸಾಯುತ್ತದೆ ಅಷ್ಟೆ. ಎಣ್ಣೆ ಹಚ್ಚಿದರೆ ಹಿತ ಅನಿಸಬಹುದು, ಆದರೆ ಅದು ಥೆರಪಿ ಅಲ್ಲ.

2. ಒಂದು ಇಡೀ ದಿನ ಗಮನಿಸಿ, ಬರೆದಿಡಿ

"ಎಡಗೈ ಎಡಗಾಲು ಸ್ವಾಧೀನ ಇಲ್ಲ" ಅಂದರೆ ಥೆರಪಿಸ್ಟ್‌ಗೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅವರು ಏನನ್ನು ತಾವೇ ಮಾಡುತ್ತಾರೆ, ಯಾವುದಕ್ಕೆ ಕೈ ಆಸರೆ ಬೇಕು, ಯಾವುದನ್ನು ಪೂರ್ತಿ ನೀವೇ ಮಾಡುತ್ತೀರಿ ಅಂತ ಬರೆಯಿರಿ.

ಇದಕ್ಕೆ ಥೆರಪಿಸ್ಟ್‌ಗಳ ಹತ್ತಿರ ಬಾರ್ಥೆಲ್ ಇಂಡೆಕ್ಸ್ ಅನ್ನುವ ಪಟ್ಟಿ ಇದೆ. 1965ರಲ್ಲಿ ಪ್ರಕಟವಾದದ್ದು, ಈಗಲೂ ಬಳಕೆಯಲ್ಲಿದೆ. ಅದರಲ್ಲಿ ಹತ್ತು ವಿಷಯ ಇವೆ: ಊಟ, ಸ್ನಾನ, ಮುಖ ತೊಳೆದು ತಲೆ ಬಾಚಿಕೊಳ್ಳುವುದು, ಬಟ್ಟೆ, ಮಲದ ಹಿಡಿತ, ಮೂತ್ರದ ಹಿಡಿತ, ಟಾಯ್ಲೆಟ್ ಬಳಸುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ನಡಿಗೆ, ಮೆಟ್ಟಿಲು. ಎಲ್ಲ ಸೇರಿ 100 ಅಂಕ. ನೀವು ಅಂಕ ಹಾಕುವುದೇನೂ ಬೇಡ, ಆ ಹತ್ತು ಸಾಲಿನ ಎದುರು ನಿಜ ಬರೆದರೆ ಸಾಕು.

ನಿಜ ಬರೆಯುವುದೇ ಕಷ್ಟ. ನಮ್ಮ ಮನೆಗಳಲ್ಲಿ ಹಿರಿಯರಿಗೆ ತುತ್ತು ಕೊಡುವುದು, ಬಟ್ಟೆ ಹಾಕುವುದು ಪ್ರೀತಿಯ ಕೆಲಸ. ಹಾಗಾಗಿ "ಅವರೇ ಉಣ್ಣಬಲ್ಲರಾ" ಅಂದರೆ "ನಾವೇ ತಿನ್ನಿಸ್ತೀವಿ" ಅನ್ನುವ ಉತ್ತರ ಬರುತ್ತದೆ. ಆ ದಿನ ಒಂದು ಊಟಕ್ಕಾದರೂ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ನುಂಗಲು ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆ ಮಾತ್ರ ಇದನ್ನು ಮಾಡಿ.

ಇನ್ನೂ ಎರಡು ವಿಷಯ ಗಮನಿಸಿ. ತಟ್ಟೆಯಲ್ಲಿ ಒಂದು ಪಕ್ಕದ್ದು ಮಾತ್ರ ಉಂಡು ಇನ್ನೊಂದು ಪಕ್ಕದ್ದನ್ನು ಹಾಗೇ ಬಿಡುತ್ತಾರಾ? ಎಡಗಡೆಯಿಂದ ಕರೆದರೆ ತಿರುಗುವುದಿಲ್ವಾ? ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿಸಿಕೊಳ್ಳುತ್ತಾರಾ? ಇದಕ್ಕೆ ನೆಗ್ಲೆಕ್ಟ್ ಅನ್ನುತ್ತಾರೆ. ಕಣ್ಣು ಸರಿ ಇದ್ದರೂ ಮಿದುಳು ಒಂದು ಬದಿಯನ್ನು ಗಮನಕ್ಕೆ ತೆಗೆದುಕೊಳ್ಳುವುದಿಲ್ಲ. ಬಲಮಿದುಳಿಗೆ ಪೆಟ್ಟಾದವರಲ್ಲಿ ಇದು ಜಾಸ್ತಿ. ಎರಡನೆಯದು, ಶರ್ಟನ್ನು ಹಿಂದುಮುಂದು ಹಾಕಿಕೊಳ್ಳುವುದು, ಬ್ರಷ್ ಹಿಡಿದು ಏನು ಮಾಡಬೇಕು ಅಂತ ತಿಳಿಯದೆ ಕೂರುವುದು. ಮನೆಯವರು ಇವನ್ನು ಮರೆವು, ಹಟ ಅಂದುಕೊಂಡು ಗದರುತ್ತಾರೆ. ಎರಡೂ ಸ್ಟ್ರೋಕ್‌ನ ಪರಿಣಾಮವೇ, ಎರಡಕ್ಕೂ ಓಟಿ ಬೇಕು.

3. ಪಟ್ಟಿ ನೋಡಿ ತೀರ್ಮಾನ ಮಾಡಿ

ಈಗ ನಿಮ್ಮ ಪಟ್ಟಿಯಲ್ಲಿ ಎಲ್ಲಿ ಜಾಸ್ತಿ ಅಡ್ಡಿ ಇದೆ ನೋಡಿ.

ಕೂತರೆ ಒಂದು ಕಡೆ ವಾಲುತ್ತಾರೆ, ಎದ್ದು ನಿಲ್ಲಲು ಆಗುತ್ತಿಲ್ಲ, ನಡೆಯುವಾಗ ಪಾದ ಎಳೆಯುತ್ತದೆ ಅಂದರೆ ಪಿಟಿ ಮೊದಲು. ಪಾದ ಮೇಲೆತ್ತಲು ಆಗದೆ ಬೆರಳು ನೆಲಕ್ಕೆ ತಾಗುವುದನ್ನು ಫುಟ್ ಡ್ರಾಪ್ ಅನ್ನುತ್ತಾರೆ. ಅದಕ್ಕೆ ಎಎಫ್‌ಒ, ಅಂದರೆ ಪಾದದ ಗಂಟನ್ನೂ (ಆಂಕಲ್) ಪಾದವನ್ನೂ ನೇರ ಹಿಡಿಯುವ ಆಸರೆ ಬೇಕಾಗಬಹುದು. ಮೆಡಿಕಲ್ ಶಾಪಿನಲ್ಲಿ ಸಿಕ್ಕಿದ್ದನ್ನು ತರಬೇಡಿ, ಅಳತೆ ಕೊಟ್ಟು ಮಾಡಿಸಬೇಕು.

ನಡೆಯುತ್ತಾರೆ, ಆದರೆ ಸ್ನಾನ, ಬಟ್ಟೆ, ಊಟ ಎಲ್ಲಕ್ಕೂ ಇನ್ನೊಬ್ಬರು ಬೇಕು ಅಂದರೆ ಓಟಿ ಮೊದಲು. ಬೆರಳು ಬರುತ್ತಿಲ್ಲ, ಗುಂಡಿ ಹಾಕಲಾಗುತ್ತಿಲ್ಲ, ಫೋನ್ ಒತ್ತಲಾಗುತ್ತಿಲ್ಲ, ಅಂಗಡಿಗೋ ಆಫೀಸಿಗೋ ವಾಪಸ್ ಹೋಗಬೇಕು ಅಂದರೂ ಅದೇ.

ಇಲ್ಲಿ ಬಹಳ ಮನೆಗಳು ಎಡವುತ್ತವೆ. "ಒಂದು ಸಲ ನಡೆದುಬಿಟ್ಟರೆ ಸಾಕು" ಅಂತ ಎಲ್ಲರ ಕಣ್ಣೂ ಕಾಲಿನ ಮೇಲಿರುತ್ತದೆ. ಕೈಯನ್ನು ಯಾರೂ ನೋಡುವುದಿಲ್ಲ. ಕಾಲಿಗೆ ದಿನವೂ ಕೆಲಸ ಸಿಗುತ್ತದೆ, ಕೈ ಮಡಿಲಲ್ಲಿ ಬಿದ್ದಿರುತ್ತದೆ. ಗಟ್ಟಿ ಕೈಯಲ್ಲೇ ಎಲ್ಲ ಮಾಡಿಕೊಂಡು ಅಭ್ಯಾಸವಾದರೆ ಸೋತ ಕೈಗೆ ಇದ್ದ ಶಕ್ತಿಯೂ ಬಳಕೆಗೆ ಬರುವುದಿಲ್ಲ. ಆರು ತಿಂಗಳಾದ ಮೇಲೆ "ಕೈಗೇನಾದರೂ ಮಾಡಿ" ಅಂತ ಬರುವವರಿಗಿಂತ ಮೊದಲ ತಿಂಗಳಲ್ಲೇ ಕೇಳಿದವರಿಗೆ ದಾರಿ ಜಾಸ್ತಿ.

ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲಕ್ಕೆ ಎದ್ದರೆ ಥೆರಪಿಸ್ಟ್ ಹತ್ತಿರ ಸಿಐಎಂಟಿ ಬಗ್ಗೆ ಕೇಳಿ. ಗಟ್ಟಿ ಕೈಗೆ ದಪ್ಪ ಗವಸು ಹಾಕಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ವಿಧಾನ ಅದು. ಅಮೆರಿಕದಲ್ಲಿ ನಡೆದ ಎಕ್ಸೈಟ್ ಅನ್ನುವ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರಿಗೆ ಎರಡು ವಾರ ಹೀಗೆ ಮಾಡಿಸಿದಾಗ ಕೈ ಬಳಕೆ ಚೆನ್ನಾಗಿ ಸುಧಾರಿಸಿತ್ತು. ಬೆರಳು ಒಂಚೂರೂ ಆಡದವರಿಗೆ ಇದು ಆಗಿಬರುವುದಿಲ್ಲ. ನೀವೇ ಮನೆಯಲ್ಲಿ ಗಟ್ಟಿ ಕೈ ಕಟ್ಟಿಹಾಕಬೇಡಿ, ಬಿದ್ದರೆ ಊರಲು ಕೈ ಇರುವುದಿಲ್ಲ.

4. ಸರಿಯಾದ ವ್ಯಕ್ತಿಯನ್ನು ಹುಡುಕಿ

ಫಿಸಿಯೋ ಅಂದರೆ ಬಿಪಿಟಿ ಅಥವಾ ಎಂಪಿಟಿ ಓದಿದವರು. ಓಟಿ ಅಂದರೆ ಬಿಓಟಿ ಅಥವಾ ಎಂಓಟಿ. ಎರಡೂ ಬೇರೆ ಬೇರೆ ಪದವಿ. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯಲ್ಲಿ ಎರಡಕ್ಕೂ ಬೇರೆ ವರ್ಗ ಇದೆ. ಆಸ್ಪತ್ರೆಯ ವಾರ್ಡಿನಲ್ಲಿ ಕೈಕಾಲು ಆಡಿಸುತ್ತಿದ್ದ ಅಟೆಂಡರ್ ಎಷ್ಟೇ ಒಳ್ಳೆಯವರಾದರೂ ಥೆರಪಿಸ್ಟ್ ಅಲ್ಲ. ಏನು ಓದಿದ್ದೀರಿ ಅಂತ ಕೇಳಲು ಸಂಕೋಚ ಬೇಡ.

ಫಿಸಿಯೋ ಈಗ ಬಹುತೇಕ ಎಲ್ಲ ತಾಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ, ಮನೆಗೂ ಬರುತ್ತಾರೆ. ಓಟಿ ಸಿಗುವುದೇ ಕಷ್ಟ. ಭಾರತದಲ್ಲಿ ಓಟಿ ಕಲಿಕೆ ಶುರುವಾಗಿದ್ದು 1950ರಲ್ಲಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ. ಅಂದಿನಿಂದ ಇಷ್ಟು ವರ್ಷವಾದರೂ ಬಿಓಟಿ ಕಲಿಸುವ ಕಾಲೇಜುಗಳು ಬಿಪಿಟಿ ಕಾಲೇಜುಗಳ ಮುಂದೆ ಬಹಳ ಕಡಿಮೆ. ಇರುವ ಓಟಿಗಳಲ್ಲೂ ತುಂಬಾ ಜನ ಮಕ್ಕಳ ಆಟಿಸಂ ಸೆಂಟರ್‌ಗಳಲ್ಲಿದ್ದಾರೆ. ಬೋರ್ಡ್ ನೋಡಿ ಹೋಗುವ ಮೊದಲು "ದೊಡ್ಡವರ ಸ್ಟ್ರೋಕ್ ನೋಡ್ತೀರಾ" ಅಂತ ಫೋನಿನಲ್ಲೇ ಕೇಳಿಕೊಳ್ಳಿ.

ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋ ರಿಹ್ಯಾಬಿಲಿಟೇಷನ್ ವಿಭಾಗದಲ್ಲಿ, ಮಣಿಪಾಲದಲ್ಲಿ ಎರಡೂ ಥೆರಪಿ ಇವೆ. ಗಡಿಯಾಚೆ ವೆಲ್ಲೂರಿನ ಸಿಎಂಸಿಯಲ್ಲೂ ಇವೆ. ದೊಡ್ಡ ಆಸ್ಪತ್ರೆಗಳಲ್ಲಿ ಪಿಎಂಆರ್ ಡಾಕ್ಟರ್ ಇದ್ದಾರಾ ಅಂತ ಕೇಳಿ. ಪಿಎಂಆರ್ ಅಂದರೆ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್. ಪಿಟಿ, ಓಟಿ, ಸ್ಪೀಚ್ ಎಲ್ಲವನ್ನೂ ಒಟ್ಟಿಗೆ ನೋಡಿ ಯಾವುದು ಎಷ್ಟು ಬೇಕು ಅಂತ ಹೇಳುವ ಡಾಕ್ಟರ್ ಅವರು. ಪಿಟಿನಾ ಓಟಿನಾ ಅನ್ನುವ ಪ್ರಶ್ನೆಗೆ ಅವರಷ್ಟು ಸರಿಯಾಗಿ ಉತ್ತರ ಹೇಳುವವರು ಇಲ್ಲ.

ನಿಮ್ಮೂರಲ್ಲಿ ಓಟಿ ಇಲ್ಲವೇ ಇಲ್ಲ ಅಂದರೆ? ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ದೊಡ್ಡ ಊರಿಗೆ ಹೋಗಿ ಓಟಿಯಿಂದ ಮನೆ ಕೆಲಸದ ಪಟ್ಟಿ ಮಾಡಿಸಿಕೊಂಡು ಬನ್ನಿ. ಬಾತ್‌ರೂಮ್, ಹಾಸಿಗೆ, ಮೆಟ್ಟಿಲಿನ ಫೋಟೋ, ಅಳತೆ ಜೊತೆಗಿರಲಿ. ಅವರು ಹೇಳಿದ್ದನ್ನು ಊರಿನ ಫಿಸಿಯೋಗೆ ತೋರಿಸಿ. ಒಳ್ಳೆಯ ಫಿಸಿಯೋ ಅದನ್ನು ಖುಷಿಯಿಂದಲೇ ಸೇರಿಸಿಕೊಳ್ಳುತ್ತಾರೆ.

"ಮನೆಯವರೇ ಕಲಿತು ಮಾಡಿಸಿದರೆ ಆಗಲ್ವಾ" ಅಂತಲೂ ಕೇಳುತ್ತಾರೆ. ನಮ್ಮ ದೇಶದಲ್ಲೇ ಇದರ ಪರೀಕ್ಷೆ ನಡೆದಿದೆ. ಅಟೆಂಡ್ ಅನ್ನುವ ಅಧ್ಯಯನದಲ್ಲಿ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು, ಫಲಿತಾಂಶ 2017ರಲ್ಲಿ ಬಂತು. ಅರ್ಧದಷ್ಟು ಜನರ ಮನೆಯವರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ತರಬೇತಿ ಕೊಟ್ಟು ಮನೆಯಲ್ಲೇ ಮಾಡಿಸಿದರು. ಆರು ತಿಂಗಳಾದ ಮೇಲೆ ನೋಡಿದರೆ, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಅವರೇನೂ ಮುಂದಿರಲಿಲ್ಲ. ಹಾಗಂತ ನಿಮ್ಮ ಶ್ರಮ ವ್ಯರ್ಥ ಅಂತ ನಾನು ಹೇಳುವುದಿಲ್ಲ. ದಿನದ ಅಭ್ಯಾಸ ಮನೆಯಲ್ಲೇ ನಡೆಯಬೇಕು. ಥೆರಪಿಸ್ಟ್ ಬೇಡ ಅನ್ನುವುದಕ್ಕೆ ಮಾತ್ರ ಅದನ್ನು ಕಾರಣ ಮಾಡಬೇಡಿ.

5. ಮೊದಲ ಭೇಟಿಯಲ್ಲಿ ಇವನ್ನು ನೋಡಿ

ನಿಮ್ಮ ಪಟ್ಟಿ ಕೊಟ್ಟು ಒಂದೇ ಪ್ರಶ್ನೆ ಕೇಳಿ: "ನಾಲ್ಕು ವಾರದಲ್ಲಿ ಇದರಲ್ಲಿ ಯಾವುದು ಬದಲಾಗಬಹುದು?" "ಆಸರೆ ಇಲ್ಲದೆ ಹಾಸಿಗೆಯಿಂದ ಕುರ್ಚಿಗೆ ಬರಲಿ ಅಂತ ನೋಡೋಣ" ಅಂದರೆ ಅದು ಗುರಿ. "ಎಲ್ಲಾ ಸರಿಹೋಗುತ್ತೆ, 40 ಸೆಷನ್ ಮುಂಗಡ ಕಟ್ಟಿ" ಅಂದರೆ ಎದ್ದು ಬನ್ನಿ.

ಕರೆಂಟ್ ಕೊಡುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಸ್ನಾಯುವಿಗೆ ಸಣ್ಣ ವಿದ್ಯುತ್ ಕೊಟ್ಟು ಕುಗ್ಗಿಸುವ ಯಂತ್ರಕ್ಕೆ ಅದರದೇ ಉಪಯೋಗ ಇದೆ, ಪಾದ ಎತ್ತಲಾಗದವರಿಗೆ, ಭುಜ ಜಾರಿದವರಿಗೆ ಬಳಸುತ್ತಾರೆ. ಆದರೆ ಇಡೀ ಸೆಷನ್ ಯಂತ್ರ ಹಚ್ಚಿ, ಥೆರಪಿಸ್ಟ್ ಫೋನ್ ನೋಡುತ್ತಾ ಕೂತಿದ್ದರೆ ಅಪ್ಪ ಏನೂ ಕಲಿಯುತ್ತಿಲ್ಲ. ಸೆಷನ್ ಮುಗಿದಾಗ ಅವರಿಗೆ ಆಯಾಸವಾಗಿರಬೇಕು. ಅವರು ಮಾಡಬೇಕು, ಅವರಿಗೆ ಮಾಡಿಸಿಕೊಂಡು ಮಲಗುವುದಲ್ಲ.

6. ದುಡ್ಡು ಒಂದಕ್ಕೇ ಸಾಕಾದರೆ

ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಹೆಚ್ಚಿನವರ ನಿಜವಾದ ಪ್ರಶ್ನೆ ಇದೇ. ಎದ್ದು ಕೂರಲೂ ಆಗದ ಹಂತದಲ್ಲಿ ಪಿಟಿಗೆ ಹಾಕಿ. ಬೇರೆ ಯಾವುದೇ ಕೆಲಸಕ್ಕೂ ಅದೇ ಬುನಾದಿ. ಆಸರೆ ಹಿಡಿದು ನಾಲ್ಕು ಹೆಜ್ಜೆ ಇಡುವಂತಾದ ಮೇಲೆ ಪಿಟಿ ದಿನಗಳನ್ನು ಕಡಿಮೆ ಮಾಡಿ, ಉಳಿದ ದುಡ್ಡನ್ನು ಓಟಿಗೆ ತಿರುಗಿಸಿ. ನಡಿಗೆಯ ಅಭ್ಯಾಸವನ್ನು ಅಷ್ಟೊತ್ತಿಗೆ ನೀವೂ ಮಾಡಿಸಬಲ್ಲಿರಿ. ನೆಗ್ಲೆಕ್ಟ್ ಇದ್ದರೆ ಅಥವಾ ಬಲಗೈಯೇ ಸೋತಿದ್ದರೆ ಓಟಿಯನ್ನು ಇನ್ನೂ ಮೊದಲೇ ತನ್ನಿ. ವಾರಕ್ಕೆ ಆರು ದಿನ ಒಬ್ಬರೇ ಬರುವುದಕ್ಕಿಂತ ಮೂರು ದಿನ ಪಿಟಿ, ಒಂದು ದಿನ ಓಟಿ, ಉಳಿದ ದಿನ ಮನೆ ಅಭ್ಯಾಸ ಅನ್ನುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ಅಮೆರಿಕದಲ್ಲಿರುವ ಮಕ್ಕಳು "ಇಲ್ಲಿ ದಿನಕ್ಕೆ ಮೂರು ಗಂಟೆ ಥೆರಪಿ ಕೊಡ್ತಾರೆ, ಅಲ್ಲಿ ಯಾಕಿಲ್ಲ" ಅಂತ ಫೋನಿನಲ್ಲಿ ಕೇಳುವುದುಂಟು. ಅದು ಅಲ್ಲಿನ ರಿಹ್ಯಾಬ್ ಆಸ್ಪತ್ರೆಗೆ ಸೇರಿದವರಿಗೆ ವಿಮೆಯ ನಿಯಮದಿಂದ ಬಂದದ್ದು. ನಮ್ಮಲ್ಲಿ ಆ ಗಂಟೆಗಳನ್ನು ಮನೆಯಲ್ಲೇ ತುಂಬಿಸಿಕೊಳ್ಳಬೇಕು.

7. ಮನೆಯಲ್ಲಿ ಮಾಡುವುದು, ಮಾಡದಿರುವುದು

ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಸ್ನಾಯು ಸಡಿಲವಾದಾಗ ಭುಜದ ಕೀಲು ಸುಲಭವಾಗಿ ಜಾರುತ್ತದೆ, ಆಮೇಲೆ ನೋವಿನಿಂದ ಯಾವ ಥೆರಪಿಯೂ ಆಗುವುದಿಲ್ಲ. ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಬಾಗಿಲ ಮೇಲೆ ಹಗ್ಗ ಹಾಕಿ ಎರಡೂ ಕೈ ಎಳೆಯುವ ಪುಲ್ಲಿ ವ್ಯಾಯಾಮವೂ ಇಂಥ ಭುಜಕ್ಕೆ ಬೇಡ. ಸ್ಪಂಜಿನ ಚೆಂಡು ಹಿಸುಕುವುದು ಎಲ್ಲರೂ ಹೇಳುವ ಸಲಹೆ. ಬೆರಳು ಆಗಲೇ ಬಿಗಿದು ಮಡಚಿಕೊಂಡಿದ್ದರೆ ಅಲ್ಲಿ ಬೇಕಾದ್ದು ಬಿಚ್ಚುವ ಅಭ್ಯಾಸ. ಥೆರಪಿಸ್ಟ್ ಹೇಳದೆ ಚೆಂಡು ಕೊಡಬೇಡಿ.

ಬಟ್ಟೆ ಹಾಕುವಾಗ ಸೋತ ಕೈಗೆ ಮೊದಲು, ಬಿಚ್ಚುವಾಗ ಗಟ್ಟಿ ಕೈಯಿಂದ ಮೊದಲು. ಕೋಲು ಗಟ್ಟಿ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಗೋಡೆಗೆ ಹಾಕುವ ಹಿಡಿಕೆಯನ್ನು ಗಟ್ಟಿ ಕೈಗೆ ಸಿಗುವ ಕಡೆ ಹಾಕಿಸಿ. ನೆಲಮಟ್ಟದ ಟಾಯ್ಲೆಟ್ ಆಗಿದ್ದರೆ ಅದರ ಮೇಲಿಡುವ ಕಮೋಡ್ ಕುರ್ಚಿ ತನ್ನಿ. ಟವೆಲ್ ಸ್ಟ್ಯಾಂಡ್ ಹಿಡಿದು ಏಳಲು ಬಿಡಬೇಡಿ, ಅದು ಕಿತ್ತು ಬರುತ್ತದೆ.

ಊಟದ ವಿಷಯ ಸ್ವಲ್ಪ ಸೂಕ್ಷ್ಮ. ಬಲಗೈ ಸೋತ ಹಿರಿಯರು ಎಡಗೈಯಲ್ಲಿ ಉಣ್ಣಲು ಒಪ್ಪುವುದಿಲ್ಲ. ಹಸಿವಿದ್ದರೂ ಬೇಡ ಅನ್ನುತ್ತಾರೆ, ಇಲ್ಲವೇ ತಿನ್ನಿಸಲಿ ಅಂತ ಕಾಯುತ್ತಾರೆ. ಇದನ್ನು ಓಟಿಗೆ ಬಾಯಿಬಿಟ್ಟು ಹೇಳಿ. ದಪ್ಪ ಹಿಡಿಯ ಚಮಚ, ಅಂಚು ಎತ್ತರದ ತಟ್ಟೆ, ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ, ಇಷ್ಟಿದ್ದರೆ ಸೋತ ಬಲಗೈಯನ್ನೇ ಸ್ವಲ್ಪ ಸ್ವಲ್ಪ ಬಳಸಬಹುದು. ಮುದ್ದೆ ಮುರಿದು ನುಂಗುವುದಕ್ಕೆ ಮಾತ್ರ ಅವಸರ ಬೇಡ. ಸ್ಪೀಚ್ ಥೆರಪಿಸ್ಟ್ ಸರಿ ಅಂದ ಮೇಲೆ ಕೊಡಿ.

8. ನಾಲ್ಕು ವಾರಕ್ಕೊಮ್ಮೆ ಹಳೇ ಪಟ್ಟಿ ತೆಗೆಯಿರಿ

ಅದೇ ಹತ್ತು ಸಾಲನ್ನು ಮತ್ತೆ ಬರೆದು ಹೋಲಿಸಿ. ಒಂದೂ ಬದಲಾಗಿಲ್ಲ ಅಂದರೆ ಥೆರಪಿಸ್ಟ್ ಜೊತೆ ಕೂತು ಮಾತಾಡಿ: ಗುರಿ ಬದಲಿಸಬೇಕಾ, ಪಿಟಿಯಿಂದ ಓಟಿಗೆ ಹೋಗಬೇಕಾ, ಬಿಗಿತಕ್ಕೆ ಡಾಕ್ಟರ್ ಔಷಧಿ ಬೇಕಾ? ಅಪ್ಪ ಯಾವುದಕ್ಕೂ ಮನಸ್ಸು ಮಾಡುತ್ತಿಲ್ಲ, ಅಳುತ್ತಾರೆ, ಮಾತಾಡುವುದಿಲ್ಲ ಅಂದರೆ ಅದನ್ನೂ ಹೇಳಿ. ಸ್ಟ್ರೋಕ್ ಆದ ಮೇಲೆ ಖಿನ್ನತೆ ತುಂಬಾ ಸಾಮಾನ್ಯ. ಅದಕ್ಕೆ ಚಿಕಿತ್ಸೆ ಇದೆ, ಅದನ್ನು ಬಿಟ್ಟು ಥೆರಪಿ ಸಾಗುವುದಿಲ್ಲ.

ತಿಂಗಳುಗಳು ಕಳೆದರೂ ಕೈಕಾಲಿನ ತೊಂದರೆ ಉಳಿದಿದ್ದರೆ ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಮುಖ್ಯ ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಬೇಕು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ತುಂಬುವುದು, ಗಾಲಿಕುರ್ಚಿ, ವಾಕರ್ ಯಾವ ಯೋಜನೆಯಲ್ಲಿ ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಗಾಲಿಕುರ್ಚಿ ಪುಕ್ಕಟೆ ಸಿಗುತ್ತದೆ ಅಂತ ಹೋದಾಗಲೂ ಪಿಟಿ ಅಥವಾ ಓಟಿ ಬರೆದುಕೊಟ್ಟ ಅಳತೆ ಜೇಬಲ್ಲಿರಲಿ. ಅಗಲ ಜಾಸ್ತಿಯಾದರೆ ಅದು ನಿಮ್ಮ ಬಾತ್‌ರೂಮ್ ಬಾಗಿಲೊಳಗೆ ಹೋಗುವುದೇ ಇಲ್ಲ.